ಮಾನಸಿಕ ಕಾಯಿಲೆಯ ಸಂಶೋಧನೆಗೆ ದುಡ್ಡು ಕೊಡುವುದು ಹೇಗೆ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಮೊದಲ ಮಾತ್ರೆ ಹಿಡಿಸಲಿಲ್ಲ, ಎರಡನೆಯದೂ ಹಿಡಿಸಲಿಲ್ಲ. ಆಮೇಲೆ ಕ್ಲೋಜಪಿನ್ ಶುರುವಾಯಿತು. ಬಿಳಿ ರಕ್ತಕಣ ಇಳಿದುಬಿಟ್ಟರೆ ಕಷ್ಟ ಅಂತ ಮೊದಲ 18 ವಾರ ಪ್ರತಿ ವಾರ ರಕ್ತ ಪರೀಕ್ಷೆ. ಒಂದಿನ ತೋಳಿಗೆ ಹತ್ತಿ ಒತ್ತಿಕೊಂಡೇ ಕೇಳಿದ, "ಅಕ್ಕಾ, ನನಗೆ ಇದೇ ಹಿಡಿಸುತ್ತೆ ಅಂತ ಮೊದಲೇ ಗೊತ್ತಾಗಲ್ವಾ?" ಡಾಕ್ಟರನ್ನು ಕೇಳಿದೆ. ಹಾಗೆ ಮೊದಲೇ ಹೇಳುವ ಪರೀಕ್ಷೆ ಇನ್ನೂ ಇಲ್ಲವಂತೆ. ಅವತ್ತಿನಿಂದ ಅವನ ಹುಟ್ಟುಹಬ್ಬಕ್ಕೆ ಸಂಶೋಧನೆಗೆ ಅಂತ 5,000 ರೂಪಾಯಿ ತೆಗೆದಿಡುತ್ತೇನೆ.

ಮೊದಲ ವರ್ಷ ಒಂದು ಸಂಸ್ಥೆಗೆ ಸುಮ್ನೆ ಕಳಿಸಿಬಿಟ್ಟೆ. ಅದು ಜಾಥಾದ ಬ್ಯಾನರಿಗೆ ಹೋಯಿತು. ಜಾಥಾ ಕೆಟ್ಟದ್ದಲ್ಲ, ಆದರೆ ನಾನು ಕೊಟ್ಟಿದ್ದು ಅದಕ್ಕಲ್ಲ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವಳು ನಾನು. ಟ್ರಾನ್ಸ್‌ಫರ್ ಮಾಡುವಾಗ ರಿಮಾರ್ಕ್ಸ್‌ನಲ್ಲಿ ಬರೆದ ಎರಡು ಪದ ಸಾಲದು ಅಂತ ಹೊಳೆಯಬೇಕಿತ್ತು. ಈಗ ದುಡ್ಡಿಗೆ ಮೊದಲು ಪತ್ರ ಹೋಗುತ್ತದೆ: "ಈ ಹಣವನ್ನು ಸಂಶೋಧನೆಗೆ ಮಾತ್ರ ಬಳಸಬೇಕು. ಒಪ್ಪಿಗೆಯಿದ್ದರೆ ಯಾವ ಅಧ್ಯಯನಕ್ಕೆ ಎಂದು ತಿಳಿಸಿ." ಉತ್ತರ ಬರುವವರೆಗೆ ಕಾಯಿರಿ.

ಯಾರಿಗೆ ಕೊಡಬೇಕು? ಬೆಂಗಳೂರಿನ ನಿಮ್ಹಾನ್ಸ್ ಇದೆ. ಚೆನ್ನೈನಲ್ಲಿ ಡಾ. ಶಾರದಾ ಮೆನನ್ 1984ರಲ್ಲಿ ಕಟ್ಟಿದ ಸ್ಕಾರ್ಫ್ ಇದೆ. ಚಿಕಿತ್ಸೆಯ ಜೊತೆಗೆ ಸ್ಕಿಜೋಫ್ರೇನಿಯಾ ಸಂಶೋಧನೆಯನ್ನೂ ಮಾಡುವ ಸಂಸ್ಥೆ ಅದು. 2023ರಲ್ಲಿ ರೋಹಿಣಿ ನಿಲೇಕಣಿ ಅವರು ನಿಮ್ಹಾನ್ಸ್‌ಗೂ ಬೆಂಗಳೂರಿನದೇ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ಗೂ ಸೇರಿ 100 ಕೋಟಿ ಕೊಟ್ಟರು. ಅಲ್ಲಿ ಕಾಯಿಲೆ ಇರುವ ಮನೆಯವರ ರಕ್ತ ತೆಗೆದುಕೊಂಡು, ಅದರ ಜೀವಕೋಶಗಳನ್ನು ಕಾಂಡಕೋಶ (ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶ) ಮಾಡಿ, ಅದರಿಂದ ನರಕೋಶ ಬೆಳೆಸಿ ನೋಡುತ್ತಾರೆ. ಅದೇ ಮನೆಯವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕರೆಸುತ್ತಾರೆ. 100 ಕೋಟಿಯ ಮುಂದೆ ನನ್ನ 5,000 ಎಷ್ಟು ಅಂತ ಕೇಳಬಹುದು. ರಾಯಚೂರಿನಿಂದ ಒಂದು ಕುಟುಂಬ ಹೀಗೆ ಬಂದು ಹೋಗಬೇಕಾದರೆ ಬಸ್ ಚಾರ್ಜ್ ಎಷ್ಟಾಗುತ್ತೆ ಲೆಕ್ಕ ಹಾಕಿ. ಅದಕ್ಕೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ: "ಅಧ್ಯಯನಕ್ಕೆ ಬರುವವರ ಪ್ರಯಾಣದ ಖರ್ಚಿಗೆ ಇದನ್ನು ಬಳಸಬಹುದೇ?"

ತೆರಿಗೆ ವಿಷಯ ಬೇಗ ಹೇಳಿಬಿಡುತ್ತೇನೆ. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ನನ್ನಂಥ ಪಿಂಚಣಿದಾರರಿಗೂ ಇಲ್ಲ. ಹಳೆಯದರಲ್ಲಿದ್ದರೆ ಪ್ಯಾನ್ ನಂಬರ್ ಕೊಟ್ಟು ದೇಣಿಗೆಯ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಬರೀ ರಸೀದಿ ಸಾಲದು.

ವಿದೇಶದಲ್ಲಿರುವವರು ಪಾಸ್‌ಪೋರ್ಟ್ ನೋಡಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ, ಟ್ರಸ್ಟ್‌ಗೆ ಕಳಿಸುವ ಮುಂಚೆ ಅದಕ್ಕೆ ಎಫ್‌ಸಿಆರ್‌ಎ ನೋಂದಣಿ, ಅಂದರೆ ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ, ಇದೆಯಾ ಕೇಳಿ.

ಕೊಟ್ಟು ಒಂದು ವರ್ಷವಾದ ಮೇಲೆ ಮತ್ತೆ ಬರೆಯಿರಿ: ಎಷ್ಟು ಖರ್ಚಾಯಿತು, ಯಾತಕ್ಕೆ, ಉಳಿದದ್ದೆಷ್ಟು. ನಮ್ಮ ಮನೆಯಲ್ಲಿ ಆ ಪತ್ರ ಬರೆಯುವುದು ತಮ್ಮ. ಅಕ್ಷರ ನನ್ನದಕ್ಕಿಂತ ದುಂಡಗಿದೆ.