ಹೈದರಾಬಾದ್ ಕಾರು ಅಗ್ಗ ಅಂತ ಅಡ್ವಾನ್ಸ್ ಕೊಡುವ ಮುಂಚೆ

ನಮ್ಮ ಬೀದರ್‌ನಲ್ಲಿ ಹಳೇ ಕಾರು ಅಂದ್ರೆ ಮೊದಲು ಕಣ್ಣು ಹೋಗುವುದು ಹೈದರಾಬಾದ್ ಕಡೆಗೆ. ಬೆಳಗ್ಗೆ ಬಸ್ ಹತ್ತಿ ಹೋಗಿ ಸಂಜೆ ಕಾರು ಓಡಿಸಿಕೊಂಡು ಬರಬಹುದು, ರೇಟೂ ಕಡಿಮೆ ಅನಿಸುತ್ತದೆ. ಆದರೆ ಆ ರೇಟಿಗೆ ನಮ್ಮ ರಾಜ್ಯದ ಟ್ಯಾಕ್ಸ್ ಕೂಡಿಸಿ ನೋಡಿದ್ದೀರಾ?

ಮೊದಲು ಟ್ಯಾಕ್ಸ್ ಲೆಕ್ಕ ಹಾಕಿ. ಒಬ್ಬರು ತಮ್ಮ ಸ್ವಂತ ಕಾರನ್ನು ನಿಮಗೆ ಮಾರಿದರೆ ಜಿಎಸ್‌ಟಿ ಇಲ್ಲ. ಹಳೇ ಕಾರಿಗೆ 18% ಅಂತ ಸುದ್ದಿಯಾಗಿದ್ದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಅದೂ ಅವರ ಲಾಭದ ಮೇಲೆ ಮಾತ್ರ. ನೀವು ಯೋಚಿಸಬೇಕಾದ್ದು ಲೈಫ್ ಟ್ಯಾಕ್ಸ್, ಅಂದ್ರೆ ಗಾಡಿಗೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ. ನಮ್ಮ ಬೀದರ್‌ನ ಕೆಎ 38 ನಂಬರಿನ ಕಾರಿಗೆ ಮೊದಲ ಮಾಲೀಕರೇ ಕಟ್ಟಿರುತ್ತಾರೆ, ನೀವು ಮತ್ತೆ ಕಟ್ಟಬೇಕಿಲ್ಲ. ತೆಲಂಗಾಣದ ಕಾರು ತಂದು ಇಲ್ಲಿಯ ನಂಬರ್ ಮಾಡಿಸುವಾಗ ಮಾತ್ರ ಕಾರಿನ ಬೆಲೆ, ವಯಸ್ಸು ನೋಡಿ ಇಲ್ಲಿ ಬೇರೆಯಾಗಿ ಕಟ್ಟಬೇಕು. ಇದನ್ನು ಆರ್‌ಟಿಒ ಆಫೀಸಿನಲ್ಲಿ ಕೇಳಿಕೊಂಡೇ ರೇಟ್ ಮಾತಾಡಿ. 12 ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ಇಲ್ಲಿಯ ನಂಬರ್ ಬೇಕೇ ಬೇಕು.

ಆಮೇಲೆ ಸರ್ಕಾರದ ಪರಿವಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್, ಸಾಲ, ಬಾಕಿ ಚಲನ್ ಎಲ್ಲ ನೋಡಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರಬೇಕು. ಕಾರಿನ ಮೇಲಿರುವ ಚಾಸಿ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಫಾರ್ಮ್‌ಗೆ ಅಂಟಿಸಲು ಬೇಕಾಗುತ್ತದೆ.

ಹೆಸರು ಬದಲಾಯಿಸಲು ಫಾರ್ಮ್ 29 ಎರಡು ಪ್ರತಿ, ಜೊತೆಗೆ ಫಾರ್ಮ್ 30. ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಅದು ಫಾರ್ಮ್ 28. ರಾಜ್ಯದೊಳಗಿನ ವ್ಯವಹಾರವಾದರೆ ಮಾರಿದವರು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ.

ಇದನ್ನು ಯಾರೂ ಹಗುರವಾಗಿ ತಗೋಬೇಡಿ. ಹುಮನಾಬಾದ್‌ನ ನಮ್ಮ ಕಾಕಾ ಕಾರು ಮಾರಿ, ಸಹಿ ಹಾಕಿ, ಕೀ ಕೊಟ್ಟು ಸುಮ್ನಾಗಿಬಿಟ್ಟರು. ಎಂಟು ತಿಂಗಳ ಮೇಲೆ ಅವರ ಮೊಬೈಲಿಗೆ ಚಲನ್ ಬಂತು. ಫೋಟೊದಲ್ಲಿ ಅದೇ ಕಾರು, ಹಿಂದಿನ ಗಾಜಿನ ಮೇಲೆ ಮಗಳು ಅಂಟಿಸಿದ್ದ ಚಿಟ್ಟೆಯೂ ಹಾಗೇ ಇತ್ತು! ಕೊಂಡವನು ಹೆಸರೇ ಬದಲಾಯಿಸಿರಲಿಲ್ಲ. ಚಲನ್ ಬಿಡಿ, ಅಪಘಾತವಾಗಿದ್ದರೆ? ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ಶೂರೆನ್ಸ್ ಕೂಡ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಇಲ್ಲಾಂದ್ರೆ ನಿಮ್ಮ ಕಾರಿಗಾದ ಡ್ಯಾಮೇಜಿಗೆ ಕ್ಲೇಮ್ ಸಿಗದೇ ಹೋಗಬಹುದು. ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದ್ರೆ ನೋ ಕ್ಲೇಮ್ ಬೋನಸ್, ಹಳೇ ಮಾಲೀಕರದ್ದು, ಅದು ಕಾರಿನ ಜೊತೆ ಬರುವುದಿಲ್ಲ.

ದುಡ್ಡನ್ನು ಬ್ಯಾಂಕ್ ಮೂಲಕವೇ ಕೊಡಿ. ₹2 ಲಕ್ಷ ಅಥವಾ ಜಾಸ್ತಿ ನಗದು ತೆಗೆದುಕೊಂಡರೆ ಮಾರಿದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹೈದರಾಬಾದ್ ಕಾರಾದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ ಕೈಗೆ ಬರುವವರೆಗೂ ಒಂದಿಷ್ಟು ಬಾಕಿ ಉಳಿಸಿಕೊಳ್ಳಿ, ಇದನ್ನು ಅಡ್ವಾನ್ಸ್ ಕೊಡುವ ದಿನವೇ ಅವರಿಗೆ ಹೇಳಿ, ಕಾಗದದ ಮೇಲೂ ಬರೆಸಿಕೊಳ್ಳಿ.