ನಾಣ್ಯದ ಫೋಟೋ ತೆಗೆಯುವಾಗ ದೀಪ ಎಲ್ಲಿಡಬೇಕು?

ನಾಣ್ಯದ ಫೋಟೋ ಮಂಕಾಗಿ ಬಂದರೆ ಹೆಚ್ಚಿನವರು ಕ್ಯಾಮೆರಾವನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಇರುವುದು ದೀಪ ಇಟ್ಟ ಜಾಗದಲ್ಲಿ. ನಾಣ್ಯವೂ ಒಂದು ಪುಟ್ಟ ಕನ್ನಡಿಯೇ ಅಲ್ವಾ? ಬೆಳಕು ಎಷ್ಟು ಓರೆಯಾಗಿ ಬೀಳುತ್ತದೋ ಅಷ್ಟೇ ಓರೆಯಾಗಿ ಆಚೆ ಬದಿಗೆ ಚಿಮ್ಮುತ್ತದೆ. ಚಿಮ್ಮಿದ ಬೆಳಕು ಲೆನ್ಸ್‌ಗೆ ಸಿಕ್ಕರೆ ನಾಣ್ಯ ಹೊಳೆಯುತ್ತದೆ, ಸಿಗದಿದ್ದರೆ ಕಪ್ಪಾಗುತ್ತದೆ.

ಮೊದಲು ಕ್ಯಾಮೆರಾ

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ನೇರ ಕೆಳಗೆ ನೋಡುವಂತೆ ನಿಲ್ಲಿಸಿ. ನಾಣ್ಯದ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಟ್ಟು ನೋಡಿ. ಲೆನ್ಸ್‌ನ ಪ್ರತಿಬಿಂಬ ಪರದೆಯ ನಟ್ಟನಡುವೆ ಕಂಡರೆ ಕ್ಯಾಮೆರಾ ಸರಿಯಾಗಿ ಕೂತಿದೆ ಎಂದರ್ಥ. ಲೆನ್ಸ್ ನಾಣ್ಯಕ್ಕೆ ತೀರಾ ಹತ್ತಿರ ಬಂದರೆ ದೀಪಕ್ಕೆ ಜಾಗವೇ ಇರುವುದಿಲ್ಲ. ಅದಕ್ಕೇ 50 ಎಂಎಂಗಿಂತ 90ರಿಂದ 105 ಎಂಎಂ ಮ್ಯಾಕ್ರೋ ಲೆನ್ಸ್ (ಸಣ್ಣ ವಸ್ತುವನ್ನು ದೊಡ್ಡದಾಗಿ ತೋರಿಸುವ ಲೆನ್ಸ್) ಒಳ್ಳೆಯದು. ಮೊಬೈಲ್ ಆದರೆ ಎರಡು ಪಟ್ಟು ಜೂಮ್ ಮಾಡಿ, ಸ್ವಲ್ಪ ಮೇಲೆ ಹಿಡಿಯಿರಿ. ಆಗ ಮೊಬೈಲಿನ ನೆರಳೂ ನಾಣ್ಯದ ಮೇಲೆ ಬೀಳುವುದಿಲ್ಲ.

ಯಾವ ದೀಪ?

ಕುತ್ತಿಗೆ ಬಗ್ಗಿಸಬಹುದಾದ ಎರಡು ಎಲ್ಇಡಿ ಟೇಬಲ್ ಲ್ಯಾಂಪ್ ಸಾಕು. ತಲೆ ಚಿಕ್ಕದಾಗಿರಲಿ, ಲೆನ್ಸ್‌ನ ಪಕ್ಕಕ್ಕೆ ತರಲು ಸುಲಭ. ಎರಡಕ್ಕೂ ಒಂದೇ ಬಗೆಯ ಬಲ್ಬ್ ಇರಬೇಕು. ಡಬ್ಬದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಜಾಸ್ತಿ ಎಂದಿದ್ದರೆ ತಾಮ್ರ, ಬೆಳ್ಳಿಯ ಬಣ್ಣ ಚೆನ್ನಾಗಿ ಬರುತ್ತದೆ. ಫೋಟೋ ತೆಗೆಯುವಾಗ ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಎರಡು ಬಗೆಯ ಬೆಳಕು ಬೆರೆತರೆ ಬೆಳ್ಳಿ ನಾಣ್ಯ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿಯಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡುವುದು ಬಹಳ ಕಷ್ಟ. ಅದೇ ಬೆಳಕಿನಲ್ಲಿ ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ, ಅಂದರೆ ಬಣ್ಣ ಸರಿಯಾಗಿ ಬರುವಂತೆ ಕ್ಯಾಮೆರಾವನ್ನು ಆ ಬೆಳಕಿಗೆ ಹೊಂದಿಸಿ.

ಎಲ್ಲಿಡಬೇಕು?

ನಾಣ್ಯವನ್ನು ಗಡಿಯಾರ ಎಂದುಕೊಳ್ಳಿ. ಒಂದು ದೀಪ 10 ಗಂಟೆಯ ಕಡೆ, ಇನ್ನೊಂದು 2 ಗಂಟೆಯ ಕಡೆ. ಎರಡನ್ನೂ ಲೆನ್ಸ್‌ಗೆ ತಾಗುವಷ್ಟು ಹತ್ತಿರ, ಆದಷ್ಟೂ ಎತ್ತರದಲ್ಲಿ ಇಡಿ. ದೀಪ ಕೆಳಗಿಳಿದಷ್ಟೂ ನೆರಳು ಉದ್ದವಾಗುತ್ತದೆ, ಗೀರುಗಳು ಎದ್ದು ಕಾಣುತ್ತವೆ. ಸವೆದ ಹಳೆಯ ನಾಣ್ಯದ ಅಕ್ಷರ ಓದಬೇಕಿದ್ದರೆ ಮಾತ್ರ ಒಂದು ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ. ಬರಿಗಣ್ಣಿಗೆ ಕಾಣದ ಅಕ್ಷರವೂ ಆಗ ಎಷ್ಟೋ ಸಲ ಮೇಲೇಳುತ್ತದೆ.

ಒಮ್ಮೆ ನಾನು ತಾಮ್ರದ ನಾಣ್ಯಕ್ಕೆ ದೀಪವನ್ನು 6 ಗಂಟೆಯ ಕಡೆ ಇಟ್ಟಿದ್ದೆ. ಫೋಟೋದಲ್ಲಿ ಉಬ್ಬಿರಬೇಕಾದ ಮುಖ ಹಳ್ಳದ ಹಾಗೆ ಒಳಗೆ ಇಳಿದಿತ್ತು! ನಾಣ್ಯವೇ ದೋಷದ್ದು ಎಂದುಕೊಂಡೆ. ಫೋಟೋವನ್ನು ತಲೆಕೆಳಗು ಮಾಡಿದ ಕೂಡಲೇ ಮುಖ ಉಬ್ಬಿ ಬಂತು. ಬೆಳಕು ಯಾವಾಗಲೂ ಮೇಲಿಂದ ಬರುತ್ತದೆ ಎಂದು ನಮ್ಮ ಕಣ್ಣು ನಂಬಿಕೊಂಡಿದೆ. ಆದ್ದರಿಂದ ಮುಖ್ಯ ಬೆಳಕು ನಾಣ್ಯದ ತಲೆಯ ಕಡೆಯಿಂದಲೇ ಬರಲಿ.

ಇನ್ನು ಹೊಳಪಿನ ವಿಷಯ. ಅಚ್ಚು ಬೀಳುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು, ತೀರಾ ಸಣ್ಣ ಗೆರೆಗಳು ಉಳಿಯುತ್ತವೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓಲಾಡಿಸಿದರೆ ಗಾಡಿ ಚಕ್ರದ ಕಡ್ಡಿಗಳ ಹಾಗೆ ಹೊಳಪು ಸುತ್ತುವುದು ಇವುಗಳಿಂದಲೇ. ದೀಪದ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿದರೆ ಬೆಳಕು ಮೆತ್ತಗಾಗುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಈ ಹೊಳಪು ಸತ್ತುಹೋಗುತ್ತದೆ. ನಾನು ಹೊಸ ನಾಣ್ಯಕ್ಕೆ ಪೇಪರ್ ಕಟ್ಟುವುದೇ ಇಲ್ಲ. ದೀಪವನ್ನು ಬೆರಳಗಲ ಬೆರಳಗಲ ಸರಿಸುತ್ತಾ ಪರದೆ ನೋಡುತ್ತೇನೆ. ಹತ್ತು ನಿಮಿಷ ಹಿಡಿದರೂ ಪರವಾಗಿಲ್ಲ, ಹೊಳಪು ಅರಳುವ ಆ ಗಳಿಗೆ ನೋಡಲು ತುಂಬಾ ಚೆಂದ.

ಪ್ರೂಫ್ ನಾಣ್ಯಕ್ಕೆ ಗಾಜಿನ ಉಪಾಯ

ಪ್ರೂಫ್ ನಾಣ್ಯ ಎಂದರೆ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ್ದು. ಕನ್ನಡಿಯಂತೆ ಮಿನುಗುವ ಅದರ ಬಯಲು (ಚಿತ್ರ, ಅಕ್ಷರ ಇಲ್ಲದ ಖಾಲಿ ಭಾಗ) ಮೇಲಿನ ರೀತಿಯಲ್ಲಿ ಕಪ್ಪಾಗಿ, ಚಿತ್ರ ಬಿಳಿಯಾಗಿ ಬರುತ್ತದೆ. ಅದೂ ಚೆಂದವೇ. ಬಯಲೇ ಬೆಳಗಬೇಕು, ಅಥವಾ ಕಾಲ ಕಳೆದಂತೆ ನಾಣ್ಯಕ್ಕೆ ಕಟ್ಟಿದ ಬಣ್ಣದ ಛಾಯೆ ಕಾಣಬೇಕು ಅಂದರೆ ಬೆಳಕು ಲೆನ್ಸ್‌ನ ದಾರಿಯಲ್ಲೇ ಇಳಿಯಬೇಕು. ಅದಕ್ಕೆ ಲೆನ್ಸ್ ಮತ್ತು ನಾಣ್ಯದ ನಡುವೆ ತೆಳುವಾದ, ಶುಚಿಯಾದ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಪಕ್ಕದಿಂದ ಗಾಜಿಗೆ ಒಂದೇ ದೀಪ ಹಾಯಿಸಿ. ಬೆಳಕಿನ ಒಂದಿಷ್ಟು ಪಾಲು ಗಾಜಿಗೆ ಬಡಿದು ನಾಣ್ಯದ ಮೇಲೆ ಬಿದ್ದು, ಅದೇ ದಾರಿಯಲ್ಲಿ ಮೇಲೆ ಬಂದು ಗಾಜಿನ ಮೂಲಕ ಕ್ಯಾಮೆರಾ ಸೇರುತ್ತದೆ. ದೀಪದ ಬೆಳಕು ನಾಣ್ಯಕ್ಕೆ ನೇರವಾಗಿ ತಾಗದಂತೆ ನಡುವೆ ರಟ್ಟು ಅಡ್ಡ ಇಡಿ. ಗಾಜು ದಾಟಿ ಹೋಗುವ ಬೆಳಕು ತಿರುಗಿ ಬರದಂತೆ ಆಚೆ ಬದಿಗೆ ಕಪ್ಪು ಕಾಗದ ನಿಲ್ಲಿಸಿ. ಕ್ಯಾಮೆರಾಕ್ಕೆ ಸಿಗುವ ಬೆಳಕು ಕಮ್ಮಿ, ಆದ್ದರಿಂದ ಶಟರ್ ಹೆಚ್ಚು ಹೊತ್ತು ತೆರೆದಿರಲಿ.

ಕ್ಲಿಕ್ ಮಾಡುವ ಮುನ್ನ

ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್ 8ರ ಆಸುಪಾಸು, 2 ಸೆಕೆಂಡಿನ ಟೈಮರ್. ನಾಣ್ಯದ ಯಾವ ಭಾಗವೂ ಬರೀ ಬಿಳಿಯಾಗಿ ಸುಟ್ಟುಹೋಗಿರಬಾರದು. ಹಾಗಾಗಿದ್ದರೆ ಎಕ್ಸ್‌ಪೋಶರ್ ಇಳಿಸಿ. ಫೋಟೋ ಚೆನ್ನಾಗಿ ಬರಲಿ ಅಂತ ನಾಣ್ಯವನ್ನು ಮಾತ್ರ ಉಜ್ಜಿ ತೊಳೆಯಬೇಡಿ. ಹೋದ ಮೇಲ್ಮೈ ಮತ್ತೆ ಬರುವುದಿಲ್ಲ. ಹಿಡಿಯುವಾಗ ಅಂಚನ್ನಷ್ಟೇ ಹಿಡಿಯಿರಿ.

ಒಂದು ಬದಿ ಸರಿಯಾಗಿ ಬಂದ ಮೇಲೆ ದೀಪದ ಬುಡದ ಸುತ್ತ ಮೇಜಿನ ಮೇಲೆ ಪೆನ್ಸಿಲ್ ಗೆರೆ ಎಳೆದುಬಿಡಿ. ನಾಣ್ಯ ಮಗುಚಿದಾಗ ಹಿಂಬದಿಯ ಚಿತ್ರ ಬೇರೆ ಜಾಗ ಕೇಳಬಹುದು, ಆದರೆ ಹುಡುಕಾಟ ಆ ಗೆರೆಯಿಂದಲೇ ಶುರುವಾಗಲಿ.