ಯೊಕೊಹಾಮಾದ ಬಣ್ಣದ ಫೋಟೊಗಳನ್ನು ನೋಡುವುದು ಹೇಗೆ

ಹಳೆಯ ಜಪಾನಿನ ಬಣ್ಣದ ಫೋಟೊಗಳನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಕೊಡೆ ಹಿಡಿದ ಹುಡುಗಿಯರು, ಚೆರ್ರಿ ಹೂವಿನ ಬೀದಿ, ಕೆಂಪು ಸೇತುವೆ, ದೂರದಲ್ಲಿ ಫ್ಯೂಜಿ ಪರ್ವತ. ಇವುಗಳಲ್ಲಿ ಕ್ಯಾಮೆರಾ ಕೊಟ್ಟದ್ದು ಬರೀ ಕಂದು ಛಾಯೆ. ಉಳಿದ ಬಣ್ಣವೆಲ್ಲ 19ನೇ ಶತಮಾನದಲ್ಲಿ, ಹೆಚ್ಚಾಗಿ ಯೊಕೊಹಾಮಾ ಎಂಬ ಬಂದರು ಪಟ್ಟಣದ ಸ್ಟುಡಿಯೊಗಳಲ್ಲಿ ಕೂತು ಯಾರೋ ಕುಂಚದಿಂದ ಹಚ್ಚಿದ್ದು. ಹಾಗಾಗಿ ಇಂಥ ಚಿತ್ರವನ್ನು ಎರಡು ಸಲ ನೋಡಬೇಕು. ಒಮ್ಮೆ ಬಣ್ಣವನ್ನು ಮರೆತು ಫೋಟೊ ನೋಡಿ, ಆಮೇಲೆ ಫೋಟೊವನ್ನು ಮರೆತು ಬಣ್ಣ ನೋಡಿ. ಕೆಳಗೆ ಹೇಳುವುದೆಲ್ಲ ಇದನ್ನು ಮಾಡುವ ದಾರಿಗಳೇ.

ಮೊದಲು ಅದು ನಿಜಕ್ಕೂ ಕೈಯಿಂದ ಬಣ್ಣ ಹಚ್ಚಿದ ಪ್ರಿಂಟೇ ಅಂತ ಖಚಿತ ಮಾಡಿಕೊಳ್ಳಿ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಸಾಲಾಗಿ ಜೋಡಿಸಿದಂಥ ಚುಕ್ಕೆಗಳು ಕಂಡರೆ ಅದು ಯಂತ್ರದಲ್ಲಿ ಅಚ್ಚಾದದ್ದು. ಚುಕ್ಕೆಗಳಿಲ್ಲದೆ ಸುಕ್ಕುಸುಕ್ಕಾದ ಸಣ್ಣ ಕಣಗಳು ಕಂಡರೆ ಕೊಲೊಟೈಪ್ (ಜೆಲಾಟಿನ್ ಪದರದಿಂದ ಶಾಯಿಯಲ್ಲಿ ಅಚ್ಚು ಹಾಕಿದ ಫೋಟೊ) ಇರಬಹುದು. ಇದನ್ನು ಟೋಕಿಯೊದಲ್ಲಿ ಒಗಾವಾ ಕಜುಮಾಸಾ ಎಂಬ ಫೋಟೊಗ್ರಾಫರ್ ಬೆಳೆಸಿದ. ಅವಕ್ಕೂ ಕೈಯಿಂದ ಬಣ್ಣ ಹಚ್ಚುತ್ತಿದ್ದರು, ಆದ್ದರಿಂದ ಸುಮ್ನೆ ಬದಿಗಿಡಬೇಡಿ. ಆಲ್ಬುಮೆನ್ ಪ್ರಿಂಟ್, ಅಂದರೆ ಮೊಟ್ಟೆಯ ಬಿಳಿಭಾಗ ಬಳಿದ ಕಾಗದದ ಮೇಲಿನ ಫೋಟೊ, ಆದರೆ ಚುಕ್ಕೆಯೂ ಇಲ್ಲ, ಕಣವೂ ಇಲ್ಲ. ಛಾಯೆ ನಯವಾಗಿ ಹರಿದಿರುತ್ತದೆ, ಕಾಗದದ ಎಳೆಗಳು ಪದರದ ಅಡಿಯಲ್ಲಿ ಕಾಣುತ್ತವೆ, ಮೇಲ್ಮೈಯಲ್ಲಿ ತೀರಾ ಸಣ್ಣ ಬಿರುಕುಗಳಿರುತ್ತವೆ, ಬೆಳಕಿನ ಜಾಗಗಳು ಹಳದಿಗೆ ತಿರುಗಿರುತ್ತವೆ.

ಈ ಕಾಗದದ ವಿಷಯ ಸ್ವಲ್ಪ ತಿಳಿದಿರಬೇಕು. ತೆಳು ಕಾಗದಕ್ಕೆ ಉಪ್ಪು ಬೆರೆಸಿದ ಮೊಟ್ಟೆಯ ಬಿಳಿಭಾಗ ಬಳಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಗಾಜಿನ ನೆಗೆಟಿವ್‌ಗೆ ಒತ್ತಿ ಬಿಸಿಲಿಗೆ ಇಡುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ. ಹೊಳಪು ಮೈ ಇರುವ ಈ ಕಾಗದದ ಮೇಲೆ ನೀರು ಬಣ್ಣ ಸುಲಭವಾಗಿ ನಿಲ್ಲುವುದಿಲ್ಲ, ಹನಿಗಟ್ಟಿ ಜಾರುತ್ತದೆ. ಅದನ್ನು ಒಂದೇ ಸಮನೆ, ತೆಳುವಾಗಿ, ಅಡಿಯ ನೆರಳು ಮುಚ್ಚಿಹೋಗದಂತೆ ಹಚ್ಚುವುದಕ್ಕೆ ಪಳಗಿದ ಕೈ ಬೇಕು. ಜಪಾನಿನಲ್ಲಿ ಅಂಥ ಕೈಗಳಿಗೆ ಬರವಿರಲಿಲ್ಲ, ಯಾಕೆಂದರೆ ಮರದಚ್ಚಿನ ಬಣ್ಣದ ಚಿತ್ರಗಳ ಪರಂಪರೆ ಅಲ್ಲಿ ಆಗಲೇ ಗಟ್ಟಿಯಾಗಿತ್ತು.

ಈಗ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನೇರವಾಗಿ ನೋಡಿದಾಗ ಕಾಣದ್ದು ಹೀಗೆ ಕಾಣುತ್ತದೆ. ದಪ್ಪ ಬಣ್ಣ ಬಿದ್ದ ಕಡೆ ಹೊಳಪು ಕಮ್ಮಿ, ಬರಿ ಕಾಗದ ಉಳಿದ ಕಡೆ ಜಾಸ್ತಿ. ಕುಂಚ ಎಲ್ಲಿ ಶುರುವಾಯಿತು, ಎಲ್ಲಿ ಗೆರೆ ದಾಟಿತು, ಎಲ್ಲಿ ಎರಡನೇ ಪದರ ಬಿತ್ತು ಅನ್ನುವುದೆಲ್ಲ ಅಲ್ಲೇ ಇರುತ್ತದೆ. ನಾನು ಯಾವಾಗಲೂ ಮೊದಲು ನೋಡುವುದು ಬೆರಳು ಮತ್ತು ತುಟಿ. ಆಮೇಲೆ ಕಿಮೋನೊದ ಅಂಚಿನ ಸಣ್ಣ ಹೂವುಗಳು. ಅಲ್ಲಿ ಕುಂಚ ನಿಧಾನವಾಗಿದ್ದರೆ ಸ್ಟುಡಿಯೊ ಒಳ್ಳೆಯದು ಅಂತ ಅರ್ಥ. ಹಿಂದಿನ ಮರಗಳಿಗೆ ಒಂದೇ ಹಸಿರು ಬಳಿದಿದ್ದರೆ ಅದನ್ನು ದೋಷ ಅನ್ನಬೇಡಿ, ಬಹುತೇಕ ಎಲ್ಲರೂ ಹಾಗೇ ಮಾಡಿದ್ದಾರೆ.

ಆದರೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಬೇರೆ. ಆ ಕಾಲದ ಕೊಲೋಡಿಯನ್ (ಗಾಜಿಗೆ ಬಳಿಯುವ ಅಂಟು ದ್ರವ) ನೆಗೆಟಿವ್‌ಗೆ ನೀಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ ಅನ್ನಬಹುದು. ಹಾಗಾಗಿ ನಿಜವಾದ ನೀಲಿ ಬಟ್ಟೆ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಕೆಂಪು ಬಟ್ಟೆ ಕಪ್ಪಾಗುತ್ತದೆ, ಹಳದಿಯೂ ಕಪ್ಪಿನ ಕಡೆಗೇ. ಈಗ ಚಿತ್ರದಲ್ಲಿ ಉಜ್ವಲ ಕೆಂಪು ಕಿಮೋನೊ ಇದೆ ಅಂದುಕೊಳ್ಳಿ. ಕೆಂಪಿನ ಅಡಿಯ ಛಾಯೆ ತೀರಾ ತಿಳಿಯಾಗಿದೆಯಾ? ಹಾಗಾದರೆ ಆ ಬಟ್ಟೆ ಬಿಳಿಯೋ ನೀಲಿಯೋ ಆಗಿದ್ದಿರಬೇಕು, ಕೆಂಪು ಬಣ್ಣ ಹಚ್ಚಿದವರ ಆಯ್ಕೆ. ನಿಕ್ಕೋ ಎಂಬ ಊರಿನ ಕೆಂಪು ಸೇತುವೆಯಲ್ಲಿ ಇದು ಉಲ್ಟಾ: ಫೋಟೊದಲ್ಲಿ ಅದು ಕಪ್ಪಾಗಿ ಬರುವುದರಿಂದ ತೆಳು ಕೆಂಪು ಅದರ ಮೇಲೆ ಎದ್ದು ಕಾಣುವುದಿಲ್ಲ, ಗಟ್ಟಿಯಾದ ಕೆಂಪನ್ನೇ ಹಚ್ಚಬೇಕು. ಕೋನ ಮತ್ತು ನೆರಳು ಕೂಡ ಛಾಯೆಯನ್ನು ಬದಲಿಸುತ್ತವೆ, ಅದಕ್ಕೆ ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬೇಡಿ.

ಇದೇ ಕಾರಣಕ್ಕೆ ಆಕಾಶ ಖಾಲಿ ಬಿಳಿ. ಮೋಡ ಸಿಗುವುದೇ ಅಪರೂಪ. ಆ ಖಾಲಿ ಜಾಗದಲ್ಲಿ ಮೇಲೆ ನೀಲಿ, ಕೆಳಗೆ ಬರುಬರುತ್ತ ನಸುಗೆಂಪು ಕಂಡರೆ ಅದು ಪೂರ್ತಿ ಕುಂಚದ ಕೆಲಸ. ಮರದಚ್ಚಿನ ಚಿತ್ರಗಳಲ್ಲೂ ಬಣ್ಣ ಹೀಗೇ ಕರಗುತ್ತಾ ಹೋಗುತ್ತದೆ.

ಬಣ್ಣ ಸಾಕ್ಷಿಯಲ್ಲ ಅನ್ನುವುದಕ್ಕೆ ಇನ್ನೂ ಸುಲಭದ ದಾರಿ ಇದೆ. ಒಂದೇ ನೆಗೆಟಿವ್‌ನ ಎರಡು ಪ್ರತಿ ಹುಡುಕಿ. ನಾಗಾಸಾಕಿ ವಿಶ್ವವಿದ್ಯಾಲಯದ ಗ್ರಂಥಾಲಯ, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಎರಡೂ ಇಂಥ ಸಂಗ್ರಹಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಒಂದರಲ್ಲಿ ನೇರಳೆಯಾದ ಸೊಂಟಪಟ್ಟಿ ಇನ್ನೊಂದರಲ್ಲಿ ಹಸಿರಾಗಿರುವುದು ತೀರಾ ಸಾಮಾನ್ಯ.

ಯಾವ ಸ್ಟುಡಿಯೊ ಅಂತ ಹೇಳುವುದು ಜಾಸ್ತಿ ಕಷ್ಟ. ಚಿತ್ರದ ಕೆಳಗೆ ಬಿಳಿ ಅಕ್ಷರದಲ್ಲಿ ಸಂಖ್ಯೆ ಮತ್ತು ಇಂಗ್ಲಿಷ್ ಶೀರ್ಷಿಕೆ ಇದ್ದರೆ ಬರೆದಿಟ್ಟುಕೊಳ್ಳಿ, ಸ್ಟುಡಿಯೊಗಳ ಪಟ್ಟಿಗೆ ಹೋಲಿಸಬಹುದು. ಆದರೆ ನೆಗೆಟಿವ್‌ಗಳು ಕೈಯಿಂದ ಕೈಗೆ ಹೋಗಿವೆ. ಫೋಟೊಗ್ರಾಫರ್ ಫೆಲಿಚೆ ಬೆಯಾತೊ 1863ರಲ್ಲಿ ಯೊಕೊಹಾಮಾಕ್ಕೆ ಬಂದ, 1866ರ ಬೆಂಕಿಯಲ್ಲಿ ಅವನ ಸ್ಟುಡಿಯೊ ಸುಟ್ಟುಹೋಯಿತು, ಮತ್ತೆ ಕಟ್ಟಿದ, 1877ರಲ್ಲಿ ತನ್ನ ಸಂಗ್ರಹದ ಬಹುಪಾಲನ್ನು ಸ್ಟಿಲ್‌ಫ್ರೀಡ್ ಮತ್ತು ಆಂಡರ್ಸನ್ ಎಂಬ ಫೋಟೊ ಸಂಸ್ಥೆಗೆ ಮಾರಿದ. ಕುಸಾಕಾಬೆ ಕಿಂಬೆಯಿ ಬೆಯಾತೊ ಬಳಿ ಬಣ್ಣ ಹಚ್ಚುವ ಕೆಲಸ ಮಾಡಿ, 1880ರ ದಶಕದ ಶುರುವಿನಲ್ಲಿ ಸ್ವಂತ ಸ್ಟುಡಿಯೊ ತೆರೆದ. ಅವನ ಆಲ್ಬಮ್‌ಗಳಲ್ಲಿ ಹಿಂದಿನವರ ಚಿತ್ರಗಳೂ ಇವೆ. ಆದ್ದರಿಂದ ಆಲ್ಬಮ್ ಮೇಲಿನ ಹೆಸರು ಮಾರಿದವನದ್ದು, ತೆಗೆದವನದ್ದೇ ಆಗಬೇಕಿಲ್ಲ. ಕಿಂಬೆಯಿಯಂಥ ಕೆಲವರನ್ನು ಬಿಟ್ಟರೆ ಬಣ್ಣ ಹಚ್ಚಿದವರ ಹೆಸರಂತೂ ಸಿಗುವುದೇ ಇಲ್ಲ. ಯೊಕೊಹಾಮಾದ ಇನ್ನೊಬ್ಬ ಫೋಟೊಗ್ರಾಫರ್ ಅಡೊಲ್ಫೊ ಫರ್ಸಾರಿಯ ಸ್ಟುಡಿಯೊದಲ್ಲಿ ಒಬ್ಬ ಕಲಾವಿದ ದಿನಕ್ಕೆ 2-3 ಪ್ರಿಂಟ್ ಮಾತ್ರ ಮುಗಿಸುತ್ತಿದ್ದ. ಅಷ್ಟು ಹೊತ್ತು ಒಂದು ಹಾಳೆಯ ಮೇಲೆ ಕಣ್ಣಿಟ್ಟವರ ಹೆಸರು ಉಳಿಯಲಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಕಾಲ ಹೇಳಲು ಚಿತ್ರದೊಳಗೇ ಗುರುತು ಹುಡುಕಿ. ಟೋಕಿಯೊದ ಅಸಾಕುಸಾದಲ್ಲಿದ್ದ 12 ಅಂತಸ್ತಿನ ರ್ಯೋಉಂಕಾಕು ಗೋಪುರ ಕಂಡರೆ ಅದು 1890ರ ನಂತರದ್ದು. ಟೋಕಿಯೊ-ಯೊಕೊಹಾಮಾ ರೈಲು ಕಂಡರೆ 1872ರ ಆಚೆಯದು. ಕತ್ತಿ ಸಿಕ್ಕಿಸಿಕೊಂಡ ಸಮುರಾಯಿ ಇದ್ದರೆ ಎಚ್ಚರ: 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂತು, ಆಮೇಲೂ ಪ್ರವಾಸಿಗರಿಗಾಗಿ ಬಾಡಿಗೆ ಮಾಡೆಲ್‌ಗಳಿಗೆ ವೇಷ ಹಾಕಿಸಿ ಅಂಥ ಫೋಟೊ ತೆಗೆಯುತ್ತಿದ್ದರು. ಸ್ಟುಡಿಯೊ ಒಳಗೆ ಬಿರುಗಾಳಿ ಮಳೆಯೂ ಬರುತ್ತಿತ್ತು, ಮಳೆಯ ಗೆರೆಗಳನ್ನು ನೆಗೆಟಿವ್ ಮೇಲೆ ಗೀಚುತ್ತಿದ್ದರು.

ಇನ್ನು ಮುಟ್ಟುವ ವಿಷಯ. ಒದ್ದೆ ಬಟ್ಟೆ ಹತ್ತಿರಕ್ಕೂ ತರಬೇಡಿ, ನೀರು ತಾಗಿದರೆ ಬಣ್ಣ ಎದ್ದುಬರುತ್ತದೆ. ರಟ್ಟಿಗೆ ಅಂಟಿಸಿದ ಪ್ರಿಂಟನ್ನು ಬಿಡಿಸಬೇಡಿ, ಕಾಗದ ತೀರಾ ತೆಳು, ಸುರುಳಿ ಸುತ್ತಿಕೊಂಡು ಬಿರುಕು ಬಿಡುತ್ತದೆ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಬಣ್ಣಗಳು ಒಂದೊಂದು ವೇಗದಲ್ಲಿ ಮಾಸುತ್ತವೆ, ಕೆಲವು ಪ್ರಿಂಟುಗಳಲ್ಲಿ ಅಡಿಯ ಫೋಟೊ ಬಹುತೇಕ ಹೋಗಿ ಬಣ್ಣ ಮಾತ್ರ ಉಳಿದಿರುತ್ತದೆ. ಲ್ಯಾಕರ್ (ಹೊಳಪಿನ ಮರದರಗು) ಬಳಿದ ಹೊದಿಕೆಯ, ಪುಟಗಳು ಒಂದಕ್ಕೊಂದು ಸೇರಿ ಮಡಚಿಕೊಳ್ಳುವ ಆಲ್ಬಮ್ ಇದ್ದರೆ ಪೂರ್ತಿ ಬಿಚ್ಚಿ ಹರಡಬೇಡಿ. ಮೆತ್ತನೆಯ ಆಸರೆ ಕೊಟ್ಟು ಒಂದೊಂದೇ ಪುಟ ತೆರೆಯಿರಿ, ಪುಟಗಳ ನಡುವೆ ಆಮ್ಲವಿಲ್ಲದ ಕಾಗದ ಇಡಿ. ಸಂಖ್ಯೆ, ಶೀರ್ಷಿಕೆ, ಕಂಡ ಗುರುತುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಪೆನ್ಸಿಲ್‌ನಿಂದ ಬರೆದು ಆಲ್ಬಮ್ ಜೊತೆಗೇ ಇಡಿ, ರಟ್ಟಿನ ಮೇಲೆ ಪೆನ್ನಿನಿಂದ ಏನೂ ಬರೆಯಬೇಡಿ.